ಪ್ರಜಾಪ್ರತಿನಿಧಿ ಸಭೆಯಿಂದ ವಿಧಾನಸಭೆಯವರೆಗೆ: ಸಂಸದೀಯ ಸರ್ಕಾರದ ಬೆಳವಣಿಗೆ ಮತ್ತು ಕಾರ್ಯವಿಧಾನ

(ಸಾರ್ವಜನಿಕರ ಮಾಹಿತಿಗಾಗಿ)

ಪೀಠಿಕೆ

ಸರ್ಕಾರದ ಸೇವೆಗಳನ್ನು ಕೋರಿ ನಾಗರಿಕರು ಪ್ರತಿದಿನ ನಾಡಕಚೇರಿ, ಉಪನೋಂದಣಾಧಿಕಾರಿಗಳ ಕಚೇರಿ, ಬೆಂಗಳೂರು ಒನ್ ಕೇಂದ್ರ ಮುಂತಾದೆಡೆ ಅರ್ಜಿಗಳನ್ನು ಸಲ್ಲಿಸುತ್ತಿರುತ್ತಾರೆ. ಅರ್ಜಿಯನ್ನು ಸ್ವೀಕರಿಸುವ ಅಧಿಕಾರಿಗೆ ಅಧಿಕಾರ ಎಲ್ಲಿಂದ ಬಂದಿದೆ, ಆ ಕಚೇರಿಯ ಕಾರ್ಯವೈಖರಿಗೆ ಯಾರು ಹೊಣೆಗಾರರು, ಆ ಹೊಣೆಯನ್ನು ಯಾವ ವೇದಿಕೆಯಲ್ಲಿ ಪ್ರಶ್ನಿಸಬಹುದು ಎಂಬ ವಿಷಯಗಳನ್ನು ತಿಳಿದಿರುವುದು ಪ್ರತಿಯೊಬ್ಬ ಅರ್ಜಿದಾರರಿಗೂ ಉಪಯುಕ್ತವಾಗಿರುತ್ತದೆ. ಈ ಹೊಣೆಗಾರಿಕೆಯ ವ್ಯವಸ್ಥೆಯೇ ಸಂಸದೀಯ ಸರ್ಕಾರ ಪದ್ಧತಿ. ಕರ್ನಾಟಕದಲ್ಲಿ ಅದು ಬೆಳೆದುಬಂದ ಬಗೆಯನ್ನೂ, ಇಂದು ಕಾರ್ಯನಿರ್ವಹಿಸುವ ಬಗೆಯನ್ನೂ ಬೆಂಗಳೂರಿನ ದಕ್ಷಿಣ ಭಾಗದ ಜಯನಗರ, ಜೆ.ಪಿ. ನಗರ, ಬನಶಂಕರಿ ಹಾಗೂ ಬಿ.ಟಿ.ಎಂ. ಬಡಾವಣೆಗಳ ಉದಾಹರಣೆಗಳೊಂದಿಗೆ ಇಲ್ಲಿ ವಿವರಿಸಲಾಗಿದೆ.

1. ಸಂಸದೀಯ ಸರ್ಕಾರವೆಂದರೇನು?

ಸಂಸದೀಯ ಪದ್ಧತಿಯಲ್ಲಿ ಮತದಾರರು ಮುಖ್ಯಮಂತ್ರಿಯನ್ನಾಗಲೀ ಪ್ರಧಾನ ಮಂತ್ರಿಯನ್ನಾಗಲೀ ನೇರವಾಗಿ ಆರಿಸುವುದಿಲ್ಲ. ಅವರು ತಮ್ಮ ಕ್ಷೇತ್ರದ ಸದಸ್ಯರನ್ನು ಆರಿಸುತ್ತಾರೆ. ಸದನದಲ್ಲಿ ಬಹುಮತದ ವಿಶ್ವಾಸ ಹೊಂದಿರುವವರು ಸರ್ಕಾರವನ್ನು ರಚಿಸುತ್ತಾರೆ. ಆ ವಿಶ್ವಾಸ ಇರುವವರೆಗೆ ಮಾತ್ರ ಸರ್ಕಾರ ಮುಂದುವರಿಯುತ್ತದೆ. ರಾಜ್ಯದ ಮಂತ್ರಿಮಂಡಲವು ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆಯಾಗಿರತಕ್ಕದ್ದು ಎಂದು ಸಂವಿಧಾನದ 164ನೆಯ ಅನುಚ್ಛೇದವು, ಕೇಂದ್ರದ ಮಂತ್ರಿಮಂಡಲವು ಲೋಕಸಭೆಗೆ ಹೊಣೆಯಾಗಿರತಕ್ಕದ್ದು ಎಂದು 75ನೆಯ ಅನುಚ್ಛೇದವು ವಿಧಿಸಿವೆ.

ಈ ಪದ್ಧತಿಯ ಮೂಲ ಬ್ರಿಟನ್ ದೇಶದಲ್ಲಿದೆ. ಅಲ್ಲಿ ದೊರೆಯ ಮಂತ್ರಿಗಳು ಕ್ರಮೇಣ ದೊರೆಯ ಬದಲು ಸಂಸತ್ತಿಗೆ ಹೊಣೆಗಾರರಾದರು. ಈ ಬದಲಾವಣೆ ಪೂರ್ಣಗೊಳ್ಳಲು ಶತಮಾನಗಳೇ ಹಿಡಿದವು. ಮೈಸೂರು ಸಂಸ್ಥಾನದಲ್ಲಿಯೂ ಇಂತಹುದೇ ಬದಲಾವಣೆ ನಡೆಯಿತು. ಅದಕ್ಕೆ ಹಿಡಿದ ಕಾಲ 66 ವರ್ಷಗಳು.

2. ಮೈಸೂರು ಸಂಸ್ಥಾನದಲ್ಲಿ ಆರಂಭ

1831ರಿಂದ ಐವತ್ತು ವರ್ಷಗಳ ಕಾಲ ಬ್ರಿಟಿಷರ ಆಡಳಿತದಲ್ಲಿದ್ದ ಮೈಸೂರು, 1881ರ ಮಾರ್ಚ್‌ನಲ್ಲಿ ಒಡೆಯರ ಮನೆತನಕ್ಕೆ ಮರಳಿತು. ಅದೇ ವರ್ಷ ಹತ್ತನೆಯ ಚಾಮರಾಜ ಒಡೆಯರ್ ಅವರ ಆಳ್ವಿಕೆಯಲ್ಲಿ, ದಿವಾನ್ ಸಿ. ರಂಗಾಚಾರ್ಲು ಅವರ ಕಾಲದಲ್ಲಿ, ಮೈಸೂರು ಪ್ರಜಾಪ್ರತಿನಿಧಿ ಸಭೆಯು ಅಸ್ತಿತ್ವಕ್ಕೆ ಬಂದಿತು. ಅದರ ಮೊದಲ ಅಧಿವೇಶನವು 1881ರ ಅಕ್ಟೋಬರ್ 7ರಂದು ಮೈಸೂರಿನಲ್ಲಿ ನಡೆಯಿತು. 144 ಸದಸ್ಯರನ್ನು ಹೊಂದಿದ್ದ ಆ ಸಭೆಯಲ್ಲಿ ಭೂಹಿಡುವಳಿದಾರರು ಮತ್ತು ವರ್ತಕರಿಗೆ ಪ್ರಾತಿನಿಧ್ಯವಿತ್ತು.

ಈ ಸಭೆಯ ಅಧಿಕಾರ ಮಿತವಾದದ್ದು. ದಿವಾನರು ಹಿಂದಿನ ವರ್ಷದ ಆಡಳಿತದ ವಿವರಗಳನ್ನು ಸಭೆಯ ಮುಂದಿಡುತ್ತಿದ್ದರು. ಸದಸ್ಯರು ತಮ್ಮ ಊರು ಮತ್ತು ತಾಲ್ಲೂಕುಗಳ ಕೆರೆ, ರಸ್ತೆ, ಶಾಲೆ, ಕಂದಾಯ ಮುಂತಾದ ವಿಷಯಗಳಲ್ಲಿ ಅಹವಾಲುಗಳನ್ನು ಹೇಳಿಕೊಳ್ಳಬಹುದಾಗಿತ್ತು. ಅವುಗಳನ್ನು ಒಪ್ಪುವುದು ಬಿಡುವುದು ದಿವಾನರ ಹಾಗೂ ಮಹಾರಾಜರ ವಿವೇಚನೆಗೆ ಬಿಟ್ಟ ವಿಷಯವಾಗಿತ್ತು. ಸಭೆಯು ಶಾಸನ ಮಾಡುವಂತಿರಲಿಲ್ಲ. ದಿವಾನರನ್ನು ಬದಲಿಸುವಂತೆಯೂ ಇರಲಿಲ್ಲ. ಆದರೂ ಆಡಳಿತ ನಡೆಸುವವರು ವರ್ಷಕ್ಕೊಮ್ಮೆ ಪ್ರಜೆಗಳ ಎದುರು ನಿಂತು ಲೆಕ್ಕ ಒಪ್ಪಿಸುವ ಪರಿಪಾಠ ಅಲ್ಲಿಂದ ಆರಂಭವಾಯಿತು. ದೇಶೀಯ ಸಂಸ್ಥಾನಗಳಲ್ಲಿ ಇಂತಹ ಸಭೆಯನ್ನು ಸ್ಥಾಪಿಸಿದ ಮೊದಲಿಗರಲ್ಲಿ ಮೈಸೂರು ಸೇರಿದೆ.

ನಂತರದ ಪ್ರಮುಖ ಹಂತಗಳು ಈ ಕೆಳಕಂಡಂತಿವೆ:

• 1891: ಪ್ರತಿನಿಧಿಗಳನ್ನು ಚುನಾವಣೆಯ ಮೂಲಕ ಆರಿಸುವ ಅವಕಾಶ ದೊರೆಯಿತು. ಮತದಾನದ ಹಕ್ಕು ಆಸ್ತಿ ಮುಂತಾದ ಅರ್ಹತೆಗಳಿಗೆ ಒಳಪಟ್ಟಿತ್ತು.

• 1907: ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆಯಲ್ಲಿ, ಶಾಸನ ರಚನೆಗಾಗಿ ನ್ಯಾಯವಿಧಾಯಕ ಸಭೆಯನ್ನು ಸ್ಥಾಪಿಸಲಾಯಿತು. ಇದರಿಂದ ಸಂಸ್ಥಾನದಲ್ಲಿ ಎರಡು ಸಭೆಗಳಾದವು.

• 1913: ಸರ್. ಎಂ. ವಿಶ್ವೇಶ್ವರಯ್ಯ ಅವರು ದಿವಾನರಾಗಿದ್ದಾಗ ನ್ಯಾಯವಿಧಾಯಕ ಸಭೆಯ ಸದಸ್ಯರಿಗೆ ಪ್ರಶ್ನೆ ಕೇಳುವ ಹಾಗೂ ಆಯವ್ಯಯದ ಮೇಲೆ ಚರ್ಚಿಸುವ ಅವಕಾಶ ದೊರೆಯಿತು.

• 1923: ಪ್ರಜಾಪ್ರತಿನಿಧಿ ಸಭೆಗೆ ಶಾಸನಬದ್ಧ ಸ್ಥಾನ ಲಭಿಸಿತು. ಅದರ ಸದಸ್ಯ ಬಲ 250 ಆಗಿಯೂ, ನ್ಯಾಯವಿಧಾಯಕ ಸಭೆಯ ಬಲ 50 ಆಗಿಯೂ ನಿಗದಿಯಾಯಿತು. ಮಹಿಳೆಯರಿಗೂ ಮತದಾನದ ಹಕ್ಕು ವಿಸ್ತರಣೆಯಾಯಿತು.

ಇಷ್ಟಾದರೂ ದಿವಾನರು ಹೊಣೆಗಾರರಾಗಿದ್ದುದು ಮಹಾರಾಜರಿಗೆ, ಸಭೆಗಲ್ಲ. ಪ್ರಶ್ನೆಗೆ ಉತ್ತರ ತೃಪ್ತಿಕರವಲ್ಲದಿದ್ದರೂ ಸರ್ಕಾರ ಹಾಗೆಯೇ ಮುಂದುವರಿಯುತ್ತಿತ್ತು.

3. ಜವಾಬ್ದಾರಿ ಸರ್ಕಾರದ ಬೇಡಿಕೆ

ಸಭೆಗೆ ಹೊಣೆಯಾಗಿರುವ ಸರ್ಕಾರ ಬೇಕೆಂಬ ಬೇಡಿಕೆಯು 1930ರ ದಶಕದಲ್ಲಿ ಬಲಗೊಂಡಿತು. ಅದನ್ನು ಅಂದಿನ ಜನರು ‘ಜವಾಬ್ದಾರಿ ಸರ್ಕಾರ’ ಎಂದು ಕರೆದರು. 1938ರ ಏಪ್ರಿಲ್‌ನಲ್ಲಿ ಮದ್ದೂರು ಬಳಿಯ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು ಹಾಗೂ ಅಲ್ಲಿ ಪ್ರಾಣಹಾನಿಯಾಯಿತು. ದೇಶವು ಸ್ವತಂತ್ರವಾದ ನಂತರವೂ ಮೈಸೂರಿನಲ್ಲಿ ಆಡಳಿತಾಧಿಕಾರ ಹಸ್ತಾಂತರವಾಗದ ಕಾರಣ, 1947ರ ಸೆಪ್ಟೆಂಬರ್‌ನಲ್ಲಿ ‘ಮೈಸೂರು ಚಲೋ’ ಚಳವಳಿ ಆರಂಭವಾಯಿತು. ಕೊನೆಗೆ 1947ರ ಅಕ್ಟೋಬರ್ 25ರಂದು ಕೆ.ಸಿ. ರೆಡ್ಡಿ ಅವರು ಮೊದಲ ಮುಖ್ಯಮಂತ್ರಿಯಾಗಿ ಅಧಿಕಾರ ವಹಿಸಿಕೊಂಡರು. ಪ್ರಜಾಪ್ರತಿನಿಧಿ ಸಭೆ ಹಾಗೂ ನ್ಯಾಯವಿಧಾಯಕ ಸಭೆಗಳು 1949ರ ಡಿಸೆಂಬರ್‌ನಲ್ಲಿ ವಿಸರ್ಜನೆಗೊಂಡವು.

ಜಯನಗರ ಬಡಾವಣೆಯು ಈ ಬದಲಾವಣೆಯ ಸಮಕಾಲೀನ. ಬೆಂಗಳೂರು ನಗರಾಭಿವೃದ್ಧಿಗಾಗಿ 1945ರಲ್ಲಿ ರಚನೆಯಾದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಈ ಬಡಾವಣೆಯನ್ನು ಕೈಗೆತ್ತಿಕೊಂಡಿತು. 1948ರಲ್ಲಿ ಅಂದಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಅವರು ಶಂಕುಸ್ಥಾಪನೆ ನೆರವೇರಿಸಿದರು. ಜಯನಗರದ ಅಶೋಕ ಸ್ತಂಭವು ಅದರ ನೆನಪಾಗಿ ಇಂದಿಗೂ ನಿಂತಿದೆ.

ಕನ್ನಡ ಮಾತನಾಡುವ ಇತರ ಪ್ರದೇಶಗಳ ಇತಿಹಾಸ ಬೇರೆ ಬೇರೆಯಾಗಿದೆ. ಮುಂಬೈ ಕರ್ನಾಟಕದ ಜಿಲ್ಲೆಗಳು ಮುಂಬೈ ಪ್ರಾಂತ್ಯದ ಶಾಸನಸಭೆಗೂ, ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಪ್ರದೇಶಗಳು ಮದರಾಸು ಶಾಸನಸಭೆಗೂ ಪ್ರತಿನಿಧಿಗಳನ್ನು ಕಳುಹಿಸುತ್ತಿದ್ದವು. ಕೊಡಗು 1952ರಿಂದ 1956ರವರೆಗೆ 24 ಸದಸ್ಯರ ಪ್ರತ್ಯೇಕ ವಿಧಾನಸಭೆಯನ್ನು ಹೊಂದಿತ್ತು. 1956ರ ನವೆಂಬರ್ 1ರ ವೇಳೆಗೆ ಈ ಪ್ರದೇಶಗಳೆಲ್ಲವೂ ಒಂದೇ ರಾಜ್ಯದಲ್ಲಿ ಸೇರಿದ್ದವು. ರಾಜ್ಯಕ್ಕೆ 1973ರ ನವೆಂಬರ್ 1ರಂದು ‘ಕರ್ನಾಟಕ’ ಎಂದು ಹೆಸರಾಯಿತು.

4. ಸಂವಿಧಾನವು ಈ ಪದ್ಧತಿಯನ್ನೇ ಆರಿಸಿಕೊಂಡ ಕಾರಣ

ಅಮೆರಿಕದಲ್ಲಿರುವಂತೆ ಅಧ್ಯಕ್ಷೀಯ ಪದ್ಧತಿಯನ್ನು ಸ್ವೀಕರಿಸುವ ಆಯ್ಕೆಯೂ ಸಂವಿಧಾನ ಸಭೆಯ ಮುಂದಿತ್ತು. ಡಾ. ಬಿ.ಆರ್. ಅಂಬೇಡ್ಕರ್ ಅವರು 1948ರ ನವೆಂಬರ್ 4ರಂದು ಕರಡು ಸಂವಿಧಾನವನ್ನು ಮಂಡಿಸುತ್ತಾ ಈ ವಿಷಯವನ್ನು ವಿವರಿಸಿದರು. ಅಧ್ಯಕ್ಷೀಯ ಪದ್ಧತಿಯಲ್ಲಿ ಸ್ಥಿರತೆ ಹೆಚ್ಚು, ಹೊಣೆಗಾರಿಕೆ ಕಡಿಮೆ. ಸಂಸದೀಯ ಪದ್ಧತಿಯಲ್ಲಿ ಹೊಣೆಗಾರಿಕೆ ಹೆಚ್ಚು, ಸ್ಥಿರತೆ ಕಡಿಮೆ. ಕರಡು ಸಂವಿಧಾನವು ಹೊಣೆಗಾರಿಕೆಗೆ ಪ್ರಾಶಸ್ತ್ಯ ನೀಡಿದೆ ಎಂಬುದು ಅವರ ವಿವರಣೆಯ ಸಾರಾಂಶ. ಸಂಸದೀಯ ಪದ್ಧತಿಯಲ್ಲಿ ಸರ್ಕಾರದ ಮೌಲ್ಯಮಾಪನ ಎರಡು ಬಗೆಯಲ್ಲಿ ನಡೆಯುತ್ತದೆ. ಸದಸ್ಯರು ಪ್ರಶ್ನೆ, ನಿರ್ಣಯ, ಚರ್ಚೆ ಹಾಗೂ ಅವಿಶ್ವಾಸ ನಿರ್ಣಯಗಳ ಮೂಲಕ ದಿನನಿತ್ಯ ಮಾಡುವುದು ಒಂದು. ಮತದಾರರು ಚುನಾವಣೆಯಲ್ಲಿ ಮಾಡುವುದು ಮತ್ತೊಂದು.

5. ಕರ್ನಾಟಕ ವಿಧಾನಮಂಡಲದ ರಚನೆ

ವಿಧಾನಸಭೆ: 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ 99 ಸದಸ್ಯರು ಆಯ್ಕೆಯಾದರು. ಸದಸ್ಯರ ಸಂಖ್ಯೆ 1957ರಲ್ಲಿ 208, 1967ರಲ್ಲಿ 216 ಹಾಗೂ 1978ರಲ್ಲಿ 224 ಆಯಿತು. ಅವಧಿ ಐದು ವರ್ಷಗಳು. ಅದಕ್ಕೂ ಮುಂಚೆ ವಿಸರ್ಜನೆಯಾಗಬಹುದು. ಆಂಗ್ಲೋ ಇಂಡಿಯನ್ ಸಮುದಾಯದ ಒಬ್ಬರನ್ನು ನಾಮನಿರ್ದೇಶನ ಮಾಡುವ ಪದ್ಧತಿಯು 2020ರ ಜನವರಿಯಲ್ಲಿ ಕೊನೆಗೊಂಡಿದೆ.

ವಿಧಾನ ಪರಿಷತ್ತು: ಇದು ಕಾಯಂ ಸದನ. 75 ಸದಸ್ಯರ ಪೈಕಿ 25 ಮಂದಿ ವಿಧಾನಸಭಾ ಸದಸ್ಯರಿಂದ, 25 ಮಂದಿ ಸ್ಥಳೀಯ ಸಂಸ್ಥೆಗಳ ಕ್ಷೇತ್ರಗಳಿಂದ, 7 ಮಂದಿ ಪದವೀಧರರ ಕ್ಷೇತ್ರಗಳಿಂದ, 7 ಮಂದಿ ಶಿಕ್ಷಕರ ಕ್ಷೇತ್ರಗಳಿಂದ ಆಯ್ಕೆಯಾಗುತ್ತಾರೆ. 11 ಮಂದಿ ನಾಮನಿರ್ದೇಶಿತರು. ಸದಸ್ಯರ ಅವಧಿ ಆರು ವರ್ಷಗಳು.

ವಿಧಾನಮಂಡಲವು ಮೊದಲು ಅಠಾರ ಕಚೇರಿಯಲ್ಲಿ ಸೇರುತ್ತಿತ್ತು. ಅದರ ಎದುರಿಗೇ 1951ರ ಜುಲೈ 13ರಂದು ಪ್ರಧಾನ ಮಂತ್ರಿ ಜವಾಹರಲಾಲ್ ನೆಹರೂ ಅವರು ವಿಧಾನಸೌಧಕ್ಕೆ ಶಂಕುಸ್ಥಾಪನೆ ಮಾಡಿದರು. ಕಟ್ಟಡವು 1956ರಲ್ಲಿ ಪೂರ್ಣಗೊಂಡಿತು. ಬೆಳಗಾವಿಯ ಸುವರ್ಣ ವಿಧಾನಸೌಧವು 2012ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು.

6. ಸದನದ ವಿಶ್ವಾಸ: ಕರ್ನಾಟಕದ ಅನುಭವ

ಸರ್ಕಾರಕ್ಕೆ ಬಹುಮತವಿದೆಯೇ ಇಲ್ಲವೇ ಎಂಬುದನ್ನು ಎಲ್ಲಿ ತೀರ್ಮಾನಿಸಬೇಕು? ಈ ಪ್ರಶ್ನೆಗೆ ಇಡೀ ದೇಶಕ್ಕೆ ಅನ್ವಯಿಸುವ ಉತ್ತರ ದೊರೆತದ್ದು ಕರ್ನಾಟಕದ ಪ್ರಕರಣವೊಂದರಲ್ಲಿ. 1989ರ ಏಪ್ರಿಲ್ 21ರಂದು ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರವನ್ನು ವಜಾಗೊಳಿಸಿ ರಾಷ್ಟ್ರಪತಿ ಆಳ್ವಿಕೆಯನ್ನು ಜಾರಿಗೊಳಿಸಲಾಯಿತು. ಸದನದಲ್ಲಿ ಬಹುಮತ ಸಾಬೀತುಪಡಿಸಲು ಅವರಿಗೆ ಅವಕಾಶ ದೊರೆಯಲಿಲ್ಲ. ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 1994ರ ಮಾರ್ಚ್ 11ರಂದು ನೀಡಿದ ತೀರ್ಪಿನಲ್ಲಿ, ಬಹುಮತದ ಪರೀಕ್ಷೆ ನಡೆಯಬೇಕಾದುದು ಸದನದಲ್ಲಿಯೇ ಎಂಬ ತತ್ವವನ್ನು ಸ್ಪಷ್ಟಪಡಿಸಿತು.

2018ರಲ್ಲಿ ಇದೇ ತತ್ವ ಪುನಃ ಅನ್ವಯವಾಯಿತು. ಆ ವರ್ಷದ ಚುನಾವಣೆಯಲ್ಲಿ ಯಾವ ಪಕ್ಷಕ್ಕೂ ಸ್ಪಷ್ಟ ಬಹುಮತ ಬರಲಿಲ್ಲ. ಅತಿ ಹೆಚ್ಚು ಸ್ಥಾನ ಪಡೆದ ಪಕ್ಷಕ್ಕೆ 104 ಸ್ಥಾನಗಳಿದ್ದವು. ಮೇ 17ರಂದು ಮುಖ್ಯಮಂತ್ರಿಯಾಗಿ ಪ್ರಮಾಣ ಸ್ವೀಕರಿಸಿದ ಬಿ.ಎಸ್. ಯಡಿಯೂರಪ್ಪ ಅವರು ಮೇ 19ರಂದೇ ಬಹುಮತ ಸಾಬೀತುಪಡಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ ಆದೇಶಿಸಿತು. ಮತಕ್ಕೆ ಹಾಕುವ ಮೊದಲೇ ಅವರು ರಾಜೀನಾಮೆ ನೀಡಿದರು. ಬಳಿಕ ಎಚ್.ಡಿ. ಕುಮಾರಸ್ವಾಮಿ ಅವರು ಸರ್ಕಾರ ರಚಿಸಿ ಮೇ 25ರಂದು ವಿಶ್ವಾಸಮತ ಪಡೆದರು. ಅದೇ ಸರ್ಕಾರವು 2019ರ ಜುಲೈ 23ರಂದು ವಿಶ್ವಾಸಮತದಲ್ಲಿ 99ಕ್ಕೆ 105 ಮತಗಳಿಂದ ಸೋತು ಅಧಿಕಾರ ತ್ಯಜಿಸಿತು. ಇದರ ಬೆನ್ನಲ್ಲೇ 17 ಸದಸ್ಯರನ್ನು ಸಂವಿಧಾನದ ಹತ್ತನೆಯ ಅನುಸೂಚಿಯಡಿ, ಅಂದರೆ ಪಕ್ಷಾಂತರ ನಿಷೇಧದ ನಿಯಮದಡಿ, ಸಭಾಧ್ಯಕ್ಷರು ಅನರ್ಹಗೊಳಿಸಿದರು.

2018ರ ಆ ಮೇ ತಿಂಗಳಿನಲ್ಲಿ ಜಯನಗರ ಕ್ಷೇತ್ರಕ್ಕೆ ಸದನದಲ್ಲಿ ಸದಸ್ಯರೇ ಇರಲಿಲ್ಲ. ಅಲ್ಲಿನ ಶಾಸಕರೂ ಅಭ್ಯರ್ಥಿಯೂ ಆಗಿದ್ದ ಬಿ.ಎನ್. ವಿಜಯಕುಮಾರ್ ಅವರು ಮೇ 4ರಂದು ನಿಧನರಾದರು. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿ ಮರಣ ಹೊಂದಿದಲ್ಲಿ ಮತದಾನವನ್ನು ಮುಂದೂಡಬೇಕೆಂಬ ನಿಯಮದಂತೆ ಜಯನಗರದ ಮತದಾನವು ಜೂನ್ 11ರಂದು ನಡೆಯಿತು. ಮೇ 12ರಂದು ಮತದಾನ ನಡೆದ 222 ಕ್ಷೇತ್ರಗಳ ಸದಸ್ಯರು ಮಾತ್ರ ಮೇ ತಿಂಗಳ ವಿಶ್ವಾಸಮತದ ಸಂದರ್ಭದಲ್ಲಿ ಲೆಕ್ಕಕ್ಕೆ ಬಂದರು. ಸರ್ಕಾರ ಯಾರದೆಂಬ ತೀರ್ಮಾನವಾದಾಗ ಜಯನಗರದ ಮತದಾರರ ಪರವಾಗಿ ಎದ್ದು ನಿಲ್ಲುವವರು ಸದನದಲ್ಲಿರಲಿಲ್ಲ. ಒಂದು ಸ್ಥಾನ ಖಾಲಿ ಇರುವುದೆಂದರೆ ಏನೆಂಬುದನ್ನು ಈ ಸಂಗತಿಯಿಂದ ತಿಳಿಯಬಹುದು.

ಇದೇ ಕ್ಷೇತ್ರದಲ್ಲಿ 2023ರ ಮೇ 13ರ ಮತ ಎಣಿಕೆಯು ಮರು ಎಣಿಕೆಗಳ ನಂತರ ತಡರಾತ್ರಿಯವರೆಗೂ ನಡೆದು, ಫಲಿತಾಂಶವು 16 ಮತಗಳ ಅಂತರದಲ್ಲಿ ಘೋಷಣೆಯಾಯಿತು. ಒಂದು ಬೀದಿಯ ಕೆಲವೇ ಮನೆಗಳಲ್ಲಿ ಇರಬಹುದಾದ ಮತಗಳ ಸಂಖ್ಯೆ ಅದು.

7. ವಿಧೇಯಕವು ಅಧಿನಿಯಮವಾಗುವ ಬಗೆ

(ಅ) ಸಂಬಂಧಪಟ್ಟ ಇಲಾಖೆಯು ಸಿದ್ಧಪಡಿಸಿದ ಕರಡನ್ನು ಸಚಿವ ಸಂಪುಟವು ಅನುಮೋದಿಸುತ್ತದೆ.

(ಆ) ವಿಧೇಯಕವನ್ನು ಸದನದಲ್ಲಿ ಮಂಡಿಸಿ, ಪರ್ಯಾಲೋಚಿಸಿ, ಖಂಡವಾರು ಮತಕ್ಕೆ ಹಾಕಲಾಗುತ್ತದೆ. ವಿಧಾನಸಭೆಯ ಒಟ್ಟು ಸದಸ್ಯರಲ್ಲಿ ಹತ್ತನೆಯ ಒಂದು ಭಾಗ, ಅಂದರೆ 23 ಮಂದಿ ಹಾಜರಿದ್ದಲ್ಲಿ ಕೋರಂ ಇದೆ ಎಂದರ್ಥ.

(ಇ) ವಿಧೇಯಕವು ನಂತರ ಇನ್ನೊಂದು ಸದನಕ್ಕೆ ಹೋಗುತ್ತದೆ. ವಿಧಾನ ಪರಿಷತ್ತು ಸಾಮಾನ್ಯ ವಿಧೇಯಕವನ್ನು ಮೊದಲ ಸಲ ಮೂರು ತಿಂಗಳು, ವಿಧಾನಸಭೆಯು ಪುನಃ ಅಂಗೀಕರಿಸಿ ಕಳುಹಿಸಿದಲ್ಲಿ ಒಂದು ತಿಂಗಳು ತಡೆಯಬಹುದೇ ಹೊರತು ಕಾಯಂ ಆಗಿ ನಿಲ್ಲಿಸಲಾಗದು. ಧನ ವಿಧೇಯಕವನ್ನು 14 ದಿನಗಳೊಳಗೆ ಹಿಂದಿರುಗಿಸಬೇಕು.

(ಈ) ರಾಜ್ಯಪಾಲರ, ಕೆಲವು ಸಂದರ್ಭಗಳಲ್ಲಿ ರಾಷ್ಟ್ರಪತಿಯವರ, ಒಪ್ಪಿಗೆ ದೊರೆತು ರಾಜ್ಯಪತ್ರದಲ್ಲಿ ಪ್ರಕಟವಾದಾಗ ಅದು ಅಧಿನಿಯಮವಾಗುತ್ತದೆ.

ನಾಗರಿಕರು ನಿತ್ಯ ಕಾಣುವ ಹಲವು ಕಚೇರಿಗಳು ಹುಟ್ಟಿರುವುದು ಇಂತಹ ಅಧಿನಿಯಮಗಳಿಂದಲೇ. ಬೆಂಗಳೂರು ಜಲಮಂಡಳಿಯು 1964ರ ಅಧಿನಿಯಮದ ಮೇರೆಗೆ, ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು 1976ರ ಅಧಿನಿಯಮದ ಮೇರೆಗೆ ಸ್ಥಾಪನೆಯಾಗಿವೆ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಕೌನ್ಸಿಲ್‌ನ ಅವಧಿಯು 2020ರ ಸೆಪ್ಟೆಂಬರ್‌ನಲ್ಲಿ ಮುಗಿದಿತ್ತು. 2024ರ ಗ್ರೇಟರ್ ಬೆಂಗಳೂರು ಆಡಳಿತ ಅಧಿನಿಯಮದ ಮೇರೆಗೆ 2025ರ ಸೆಪ್ಟೆಂಬರ್‌ನಲ್ಲಿ ಆ ಪಾಲಿಕೆಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ರಚನೆಯಾದವು.

ಅರ್ಜಿದಾರರಿಗೆ ಅತ್ಯಂತ ನಿಕಟವಾದ ಉದಾಹರಣೆಯೆಂದರೆ 2011ರ ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ. ಇದು 2012ರ ಏಪ್ರಿಲ್ 2ರಂದು ರಾಜ್ಯದಾದ್ಯಂತ ಜಾರಿಗೆ ಬಂದಿತು. ಅನುಸೂಚಿಯಲ್ಲಿರುವ ಸೇವೆಯನ್ನು ನಿಗದಿತ ದಿನಗಳೊಳಗೆ ನೀಡತಕ್ಕದ್ದು. ಅರ್ಜಿ ಸ್ವೀಕರಿಸಿದಾಗ ಸಕಾಲ ಸಂಖ್ಯೆಯುಳ್ಳ ಸ್ವೀಕೃತಿ ನೀಡತಕ್ಕದ್ದು. ವಿಳಂಬವಾದಲ್ಲಿ ಅಥವಾ ಅರ್ಜಿ ತಿರಸ್ಕೃತವಾದಲ್ಲಿ ಅರ್ಜಿದಾರರು ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ವಿಳಂಬಕ್ಕೆ ದಿನಕ್ಕೆ ರೂ. 20ರಂತೆ, ಗರಿಷ್ಠ ರೂ. 500ರವರೆಗೆ ಪರಿಹಾರ ವೆಚ್ಚ ಕೋರಲು ಈ ಅಧಿನಿಯಮದಲ್ಲಿ ಅವಕಾಶ ಕಲ್ಪಿಸಲಾಗಿದೆ. 1881ರಲ್ಲಿ ಅಹವಾಲು ಹೇಳಿಕೊಂಡವರಿಗೆ ಉತ್ತರ ಸಿಗುವುದು ಆಳುವವರ ಕೃಪೆಯಾಗಿತ್ತು. ಇಂದು ಅರ್ಜಿದಾರರಿಗೆ ನಿಗದಿತ ದಿನದೊಳಗೆ ಉತ್ತರ ನೀಡುವುದು ಶಾಸನ ವಿಧಿಸಿದ ಕರ್ತವ್ಯ. ಮೊತ್ತ ಸಣ್ಣದಾದರೂ ಈ ವ್ಯತ್ಯಾಸ ಸಣ್ಣದಲ್ಲ.

8. ಸದನವು ಸರ್ಕಾರವನ್ನು ಪ್ರಶ್ನಿಸುವ ವಿಧಾನಗಳು

• ಪ್ರಶ್ನೋತ್ತರ ಕಲಾಪ: ಚುಕ್ಕೆ ಗುರುತಿನ ಪ್ರಶ್ನೆಗಳಿಗೆ ಸಚಿವರು ಸದನದಲ್ಲಿ ಮೌಖಿಕವಾಗಿಯೂ, ಚುಕ್ಕೆ ಗುರುತಿಲ್ಲದ ಪ್ರಶ್ನೆಗಳಿಗೆ ಲಿಖಿತವಾಗಿಯೂ ಉತ್ತರಿಸುತ್ತಾರೆ. ಒಂದು ಪ್ರಶ್ನೆ ದಾಖಲಾದೊಡನೆ ಸಂಬಂಧಪಟ್ಟ ಇಲಾಖೆಯ ಕಡತಗಳು ಕೆಳಹಂತದ ಕಚೇರಿಯವರೆಗೂ ಪರಿಶೀಲನೆಗೊಳಪಡುತ್ತವೆ.

• ಶೂನ್ಯವೇಳೆ ಹಾಗೂ ಗಮನ ಸೆಳೆಯುವ ಸೂಚನೆ: ತುರ್ತು ವಿಷಯಗಳನ್ನು ಇವುಗಳ ಮೂಲಕ ಸರ್ಕಾರದ ಗಮನಕ್ಕೆ ತರಲಾಗುತ್ತದೆ.

• ಆಯವ್ಯಯ: ಅಧಿನಿಯಮದ ಆಧಾರವಿಲ್ಲದೆ ಯಾವುದೇ ತೆರಿಗೆ ವಿಧಿಸುವಂತಿಲ್ಲ. ಧನವಿನಿಯೋಗ ಅಧಿನಿಯಮವಿಲ್ಲದೆ ಸಂಚಿತ ನಿಧಿಯಿಂದ ಹಣ ತೆಗೆಯುವಂತಿಲ್ಲ. ಇಲಾಖಾವಾರು ಬೇಡಿಕೆಗಳಿಗೆ ಮತ ನೀಡುವುದು ವಿಧಾನಸಭೆ ಮಾತ್ರ.

• ಸಮಿತಿಗಳು: ಸಾರ್ವಜನಿಕ ಲೆಕ್ಕಪತ್ರಗಳ ಸಮಿತಿಯು ಮಹಾಲೇಖಪಾಲರ ವರದಿಗಳ ಆಧಾರದಲ್ಲಿ ಖರ್ಚನ್ನು ಪರಿಶೀಲಿಸುತ್ತದೆ. ಸರ್ಕಾರಿ ಭರವಸೆಗಳ ಸಮಿತಿಯು ಸಚಿವರು ಸದನದಲ್ಲಿ ನೀಡಿದ ಭರವಸೆಗಳು ಈಡೇರಿವೆಯೇ ಎಂದು ನೋಡುತ್ತದೆ. ಅರ್ಜಿಗಳ ಸಮಿತಿಯು ಸಾರ್ವಜನಿಕರು ಸದನಕ್ಕೆ ಸಲ್ಲಿಸಿದ ಅರ್ಜಿಗಳನ್ನು ಪರಿಶೀಲಿಸುತ್ತದೆ.

ಎರಡು ಅಧಿವೇಶನಗಳ ನಡುವೆ ಆರು ತಿಂಗಳಿಗಿಂತ ಹೆಚ್ಚು ಅಂತರವಿರಬಾರದು. ಮುಖ್ಯಮಂತ್ರಿಯೂ ಸೇರಿ ಮಂತ್ರಿಗಳ ಸಂಖ್ಯೆ ವಿಧಾನಸಭೆಯ ಬಲದ ಶೇಕಡ 15ನ್ನು ಮೀರಬಾರದೆಂದು 2003ರ ಸಂವಿಧಾನ ತಿದ್ದುಪಡಿ ವಿಧಿಸಿದೆ.

9. ದಕ್ಷಿಣ ಬೆಂಗಳೂರಿನ ನಾಗರಿಕರು ಗಮನಿಸಬೇಕಾದ ಅಂಶಗಳು

(1) ಬಡಾವಣೆಯ ಹೆಸರೂ ಕ್ಷೇತ್ರದ ಹೆಸರೂ ಒಂದೇ ಆಗಿರಬೇಕಾಗಿಲ್ಲ. ಜಯನಗರದ ಒಂದು ಭಾಗ ಚಿಕ್ಕಪೇಟೆ ಕ್ಷೇತ್ರಕ್ಕೂ, ಜೆ.ಪಿ. ನಗರದ ಕೆಲವು ಹಂತಗಳು ಬೊಮ್ಮನಹಳ್ಳಿ ಕ್ಷೇತ್ರಕ್ಕೂ ಸೇರಿವೆ. ಬಿ.ಟಿ.ಎಂ. ಎಂಬ ಹೆಸರಿನ ಮೊದಲ ಅಕ್ಷರಕ್ಕೆ ಕಾರಣವಾದ ಬೈರಸಂದ್ರ ಇರುವುದು ಜಯನಗರ ಕ್ಷೇತ್ರದಲ್ಲಿ. ಬಿ.ಟಿ.ಎಂ. ಲೇಔಟ್, ಬೊಮ್ಮನಹಳ್ಳಿ, ಪದ್ಮನಾಭನಗರ ಕ್ಷೇತ್ರಗಳು 2008ರ ಕ್ಷೇತ್ರ ಮರುವಿಂಗಡಣೆಯಿಂದ ರಚನೆಯಾದವು. ಅದಕ್ಕೆ ಮುಂಚೆ ಇದ್ದ ಉತ್ತರಹಳ್ಳಿ ಕ್ಷೇತ್ರ ಆಗ ರದ್ದಾಯಿತು. ಆದುದರಿಂದ ಮತದಾರರ ಪಟ್ಟಿಯಲ್ಲಿರುವ ಕ್ಷೇತ್ರದ ಹೆಸರನ್ನೇ ಆಧಾರವಾಗಿಟ್ಟುಕೊಳ್ಳಬೇಕು.

(2) ‘ಬೆಂಗಳೂರು ದಕ್ಷಿಣ’ ಎಂಬ ಹೆಸರಿಗೆ ಹಲವು ಅರ್ಥಗಳಿವೆ. ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರದಲ್ಲಿ ಜಯನಗರ, ಬಿ.ಟಿ.ಎಂ. ಲೇಔಟ್, ಬಸವನಗುಡಿ, ಪದ್ಮನಾಭನಗರ, ಬೊಮ್ಮನಹಳ್ಳಿ, ಚಿಕ್ಕಪೇಟೆ, ವಿಜಯನಗರ ಹಾಗೂ ಗೋವಿಂದರಾಜನಗರ ಎಂಬ ಎಂಟು ವಿಧಾನಸಭಾ ಕ್ಷೇತ್ರಗಳಿವೆ. ಇದೇ ಹೆಸರಿನ ವಿಧಾನಸಭಾ ಕ್ಷೇತ್ರವು ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರಕ್ಕೆ ಸೇರಿದೆ. 2025ರಲ್ಲಿ ರಾಮನಗರ ಜಿಲ್ಲೆಗೂ ಇದೇ ಹೆಸರನ್ನು ಇಡಲಾಗಿದೆ. ಅರ್ಜಿಗಳಲ್ಲಿ ಜಿಲ್ಲೆ ಮತ್ತು ತಾಲ್ಲೂಕುಗಳನ್ನು ನಮೂದಿಸುವಾಗ ಎಚ್ಚರ ವಹಿಸುವುದು ಅಗತ್ಯ.

(3) ವಿಷಯಕ್ಕೆ ತಕ್ಕ ಪ್ರತಿನಿಧಿಯನ್ನು ಸಂಪರ್ಕಿಸಬೇಕು. ಪಾಸ್‌ಪೋರ್ಟ್, ರೈಲ್ವೆ, ಆದಾಯ ತೆರಿಗೆ ವಿಷಯಗಳು ಸಂಸತ್ತಿಗೆ ಸಂಬಂಧಿಸಿದವು. ಪಡಿತರ ಚೀಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಭೂ ದಾಖಲೆ, ಪೊಲೀಸ್ ವಿಷಯಗಳು ರಾಜ್ಯ ಸರ್ಕಾರಕ್ಕೂ, ಖಾತಾ, ಆಸ್ತಿ ತೆರಿಗೆ, ಕಸ ವಿಲೇವಾರಿ ವಿಷಯಗಳು ನಗರ ಪಾಲಿಕೆಗೂ ಸಂಬಂಧಿಸಿದವು.

(4) ಮನೆ ಬದಲಿಸಿದವರು ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಾವಣೆಗೆ ನಮೂನೆ 8ರಲ್ಲಿ, ಹೊಸದಾಗಿ ಹೆಸರು ಸೇರಿಸಲು ನಮೂನೆ 6ರಲ್ಲಿ ಅರ್ಜಿ ಸಲ್ಲಿಸಬೇಕು. ಜನವರಿ 1, ಏಪ್ರಿಲ್ 1, ಜುಲೈ 1 ಮತ್ತು ಅಕ್ಟೋಬರ್ 1 ಅರ್ಹತಾ ದಿನಾಂಕಗಳು. ವಿಧಾನ ಪರಿಷತ್ತಿನ ಪದವೀಧರರ ಕ್ಷೇತ್ರಕ್ಕೆ ಪ್ರತ್ಯೇಕವಾಗಿ ನಮೂನೆ 18ರಲ್ಲಿ ಅರ್ಜಿ ಸಲ್ಲಿಸಬೇಕು. ವಿಧಾನಸಭೆಯ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಪದವೀಧರರ ಪಟ್ಟಿಯಲ್ಲಿ ಹೆಸರು ಬರುವುದಿಲ್ಲ.

ಮುಕ್ತಾಯ

ಅರ್ಜಿಯನ್ನು ಸ್ವೀಕರಿಸುವ ಅಧಿಕಾರಿಯು ಇಲಾಖೆಯ ಮುಖ್ಯಸ್ಥರಿಗೆ, ಇಲಾಖೆಯು ಸಚಿವರಿಗೆ, ಸಚಿವರು ಸದನಕ್ಕೆ, ಸದನದ ಸದಸ್ಯರು ಮತದಾರರಿಗೆ ಹೊಣೆಗಾರರಾಗಿರುತ್ತಾರೆ. ಅಂದರೆ ಅರ್ಜಿದಾರರಿಂದ ಹೊರಟ ಈ ಸರಪಳಿಯು ಕೊನೆಗೆ ಬಂದು ಸೇರುವುದು ಅರ್ಜಿದಾರರ ಬಳಿಗೇ. ಸ್ವೀಕೃತಿಯನ್ನು ಜೋಪಾನವಾಗಿಡುವುದು, ಅವಧಿ ಮೀರಿದಲ್ಲಿ ಮೇಲ್ಮನವಿ ಸಲ್ಲಿಸುವುದು, ಪರಿಹಾರ ದೊರೆಯದಿದ್ದಲ್ಲಿ ತಮ್ಮ ಕ್ಷೇತ್ರದ ಸದಸ್ಯರ ಮೂಲಕ ಸದನದ ಗಮನಕ್ಕೆ ತರುವುದು ಹಾಗೂ ಮತದಾರರ ಪಟ್ಟಿಯಲ್ಲಿ ಹೆಸರು ಸರಿಯಾಗಿರುವಂತೆ ನೋಡಿಕೊಳ್ಳುವುದು ಈ ಸರಪಳಿಯನ್ನು ಬಿಗಿಯಾಗಿಡುವ ಕ್ರಮಗಳು. ಸಾರ್ವಜನಿಕರು ಇವುಗಳ ಸದುಪಯೋಗವನ್ನು ಪಡೆದುಕೊಳ್ಳಬೇಕಾಗಿ ಕೋರಲಾಗಿದೆ.